ಜಾಲತಾಣದ ಮಳಿಗೆ ಖಾಲಿ ಮಾಡುವಾಗ: ಹೋಸ್ಟಿಂಗ್ ರದ್ದತಿ, ಮರುಪಾವತಿ ಮತ್ತು ವರ್ತಕನ ಸ್ಥಿತಿ

ಮಳಿಗೆಯೊಂದನ್ನು ಬಾಡಿಗೆಗೆ ಹಿಡಿಯುವ ವರ್ತಕನು ಮುಂಗಡವೆಷ್ಟು, ಕರಾರಿನ ಅವಧಿಯೆಷ್ಟು, ಖಾಲಿ ಮಾಡುವುದಿದ್ದರೆ ಎಷ್ಟು ತಿಂಗಳು ಮುಂಚೆ ತಿಳಿಸಬೇಕು, ಬಣ್ಣ ಬಳಿಸುವ ಖರ್ಚು ಯಾರದು ಎಂಬುದನ್ನೆಲ್ಲ ಇತ್ಯರ್ಥ ಮಾಡಿಕೊಂಡ ನಂತರವೇ ಕರಾರುಪತ್ರಕ್ಕೆ ಸಹಿ ಹಾಕುತ್ತಾನೆ. ಅದೇ ವರ್ತಕನು ತನ್ನ ಸಂಸ್ಥೆಯ ಜಾಲತಾಣಕ್ಕೆ ಅಂತರಜಾಲದಲ್ಲಿ ಜಾಗ ಪಡೆಯುವಾಗ, ಅಂದರೆ ವೆಬ್ ಹೋಸ್ಟಿಂಗ್ ಸೇವೆಗೆ ಹಣ ಕಟ್ಟುವಾಗ, ಇವುಗಳಲ್ಲಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ‘ನಿಬಂಧನೆಗಳಿಗೆ ಒಪ್ಪಿಗೆಯಿದೆ’ ಎಂಬ ಚೌಕಕ್ಕೆ ಗುರುತು ಹಾಕಿ, ರಿಯಾಯಿತಿಯ ಆಸೆಗೆ ಮೂರು ವರ್ಷಗಳ ಹಣವನ್ನು ಒಂದೇ ಕಂತಿನಲ್ಲಿ ಪಾವತಿಸಿ, ಆ ವಿಷಯವನ್ನೇ ಮರೆತುಬಿಡುತ್ತಾನೆ. ಮತ್ತೆ ನೆನಪಾಗುವುದು ಜಾಲತಾಣ ತೆರೆದುಕೊಳ್ಳದಿದ್ದಾಗ, ಇಲ್ಲವೇ ನವೀಕರಣ ಶುಲ್ಕವು ಮೊದಲ ಅವಧಿಯ ದರಕ್ಕಿಂತ ಬಹಳ ಹೆಚ್ಚಾಗಿ ಖಾತೆಯಿಂದ ಕಡಿತವಾದಾಗ.

ಆಗ ಆರಂಭವಾಗುವುದು ರದ್ದತಿಯ ಪ್ರಯಾಸ. ಖಾತೆ ತೆರೆಯಲು ಐದು ನಿಮಿಷ ಸಾಕಾಗಿದ್ದ ಕಡೆ ಖಾತೆ ಮುಚ್ಚಲು ಗುಂಡಿಯೇ ಕಾಣುವುದಿಲ್ಲ. ದೂರವಾಣಿ ಮಾಡಿದರೆ ಇನ್ನೊಂದು ವಿಭಾಗಕ್ಕೆ ವರ್ಗಾವಣೆ, ಆ ವಿಭಾಗದಿಂದ ಹೊಸ ರಿಯಾಯಿತಿಯ ಆಮಿಷ, ಕೊನೆಗೆ ‘ಮರುಪಾವತಿಯ ಅವಧಿ ಮುಗಿದಿದೆ’ ಎಂಬ ಒಂದು ಸಾಲಿನ ಉತ್ತರ. ಮೊತ್ತವೋ ಎಂಟು ಹತ್ತು ಸಾವಿರ ರೂಪಾಯಿ. ಇಷ್ಟಕ್ಕಾಗಿ ವ್ಯಾಪಾರ ಬಿಟ್ಟು ಯಾರು ಅಲೆಯಬೇಕೆಂದು ಬಹುಪಾಲು ಸಣ್ಣ ಉದ್ದಿಮೆದಾರರು ಕೈಬಿಡುತ್ತಾರೆ. ಕೈಬಿಡುತ್ತಾರೆಂಬ ನಂಬಿಕೆಯ ಮೇಲೆಯೇ ಇಂತಹ ನಿಬಂಧನೆಗಳು ರೂಪುಗೊಂಡಿವೆ ಎಂದರೆ ಅದು ಕಟುವಾದ ಮಾತಾಗಬಹುದು, ಆದರೆ ಸುಳ್ಳಾಗಲಾರದು.

ಈ ಹಣಕ್ಕಾಗಿ ವರ್ತಕನು ಎಲ್ಲಿಗೆ ಹೋಗಬೇಕು ಎಂಬುದು ಮೊದಲ ಪ್ರಶ್ನೆ. ಗ್ರಾಹಕ ನ್ಯಾಯಾಲಯವಿದೆಯಲ್ಲ ಎಂಬುದು ಎಲ್ಲರಿಗೂ ಥಟ್ಟನೆ ಹೊಳೆಯುವ ಉತ್ತರ. ವಾಸ್ತವ ಹಾಗಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವನನ್ನು ‘ಗ್ರಾಹಕ’ ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವನಿಗೆ ವಿನಾಯಿತಿ ಇದೆಯೆಂಬುದು ನಿಜ. ಆದರೆ ಹಳೆಯ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ನಂತರ ಆ ವಿನಾಯಿತಿಯ ವಿವರಣೆಯಲ್ಲಿ ಸರಕು ಮತ್ತು ಸೇವೆ ಎರಡೂ ಇದ್ದವು. 2019ರ ಕಾಯ್ದೆಯ ವಿವರಣೆಯಲ್ಲಿ ಸರಕು ಮಾತ್ರ ಉಳಿದಿದೆ. ಒಂದು ಪದ ಕೈಬಿಟ್ಟದ್ದರಿಂದ ಒಬ್ಬನೇ ಕುಳಿತು ಲೇತ್ ನಡೆಸುವ ಸಣ್ಣ ತಯಾರಕನು ಲೇತ್ ಯಂತ್ರ ಕೆಟ್ಟರೆ ಗ್ರಾಹಕನಾಗಬಹುದು, ಅದೇ ವರ್ಕ್‌ಶಾಪಿನ ಜಾಲತಾಣ ಕೆಟ್ಟರೆ ಅವನ ಸ್ಥಾನವೇ ಅನುಮಾನಕ್ಕೆ ಒಳಗಾಗುತ್ತದೆ. ಖರೀದಿಯ ಪ್ರಧಾನ ಉದ್ದೇಶ ಲಾಭಗಳಿಕೆಗೆ ನೇರವಾಗಿ ಸಂಬಂಧಪಟ್ಟಿದೆಯೇ ಎಂಬುದನ್ನು ಆಯಾ ಪ್ರಕರಣದ ಸಂಗತಿಗಳಿಂದ ನಿರ್ಣಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2019ರ ಲೀಲಾವತಿ ಕೀರ್ತಿಲಾಲ್ ಮೆಹ್ತಾ ವೈದ್ಯಕೀಯ ಟ್ರಸ್ಟ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ದಾದಿಯರ ವಸತಿಗಾಗಿ ಮನೆಗಳನ್ನು ಕೊಂಡಿದ್ದ ಟ್ರಸ್ಟ್ ಗೆದ್ದಿತು. ಆದರೆ ಸರಕು ಮಾರಲೆಂದೇ ಕಟ್ಟಿದ ಜಾಲತಾಣದ ಮಾಲೀಕನು ಅದೇ ವಾದವನ್ನು ಹೂಡಿ ಗೆಲ್ಲುವುದು ಸುಲಭವಲ್ಲ.

ಇದರ ಪರಿಣಾಮ ದೊಡ್ಡದು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳಲ್ಲಿ ಒಂದು ನ್ಯಾಯವಾದ ಮಾತಿದೆ: ತಾನೇ ಏಕಪಕ್ಷೀಯವಾಗಿ ರದ್ದು ಮಾಡಿದಾಗ ಸಮಾನ ಶುಲ್ಕವನ್ನು ಭರಿಸದ ಸಂಸ್ಥೆಯು ಗ್ರಾಹಕನ ಮೇಲೆ ರದ್ದತಿ ಶುಲ್ಕ ಹೇರುವಂತಿಲ್ಲ. ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕೆಂಬ ಕಟ್ಟಳೆಯೂ ಅಲ್ಲಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ಅಂತರಜಾಲ ವ್ಯಾಪಾರದ 13 ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿವೆ. ಚಂದಾ ರದ್ದತಿಯ ದಾರಿಯನ್ನು ಬಚ್ಚಿಡುವುದು ಅಥವಾ ಜಟಿಲಗೊಳಿಸುವುದು ‘ಚಂದಾ ಬಲೆ’ ಎಂಬ ಹೆಸರಿನಲ್ಲಿ ಆ ಪಟ್ಟಿಯಲ್ಲಿದೆ. ಹೋಸ್ಟಿಂಗ್ ಖಾತೆ ಮುಚ್ಚಲು ಒದ್ದಾಡಿದ ಯಾರಿಗೇ ಆಗಲಿ ಇದು ತಮ್ಮದೇ ಕಥೆಯೆನ್ನಿಸದೆ ಇರದು. ಆದರೆ ಇವೆಲ್ಲವೂ ಗ್ರಾಹಕ ಎಂಬ ಕೊಡೆಯ ಕೆಳಗಿನ ರಕ್ಷಣೆಗಳು. ಜಿಎಸ್‌ಟಿ ಸಂಖ್ಯೆ ಕೊಟ್ಟು ಸಂಸ್ಥೆಯ ಹೆಸರಿನಲ್ಲಿ ಬಿಲ್ಲು ಪಡೆದ ವರ್ತಕನು ಆ ಕೊಡೆಯ ಅಂಚಿನಲ್ಲಿ ಅರ್ಧ ನೆನೆಯುತ್ತ ನಿಂತಿದ್ದಾನೆ. ಜರ್ಮನಿಯಲ್ಲಿಯೂ 2022ರ ಜುಲೈ 1ರಿಂದ ಜಾಲತಾಣದಲ್ಲಿ ರದ್ದತಿ ಗುಂಡಿ ಕಡ್ಡಾಯವಾಗಿದೆ. ಅದೂ ಗ್ರಾಹಕರೊಂದಿಗಿನ ಕರಾರುಗಳಿಗೆ ಮಾತ್ರ.

ಸಣ್ಣ ಉದ್ದಿಮೆಗಳಿಗೆಂದೇ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಇದೆಯಲ್ಲ ಎನ್ನಬಹುದು. ಆ ಕಾಯ್ದೆ ಕಾಯುವುದು ಸರಕು ಅಥವಾ ಸೇವೆ ಕೊಟ್ಟು ಹಣ ಬರದೆ ಕುಳಿತ ಸಣ್ಣ ಪೂರೈಕೆದಾರನನ್ನು. ಹಣ ಕೊಟ್ಟು ಸೇವೆ ಸಿಗದೆ ಕುಳಿತ ಸಣ್ಣ ಖರೀದಿದಾರನನ್ನಲ್ಲ. ಹೋಸ್ಟಿಂಗ್ ಸಂಸ್ಥೆಯೇ ಉದ್ಯಮ್ ನೋಂದಣಿ ಪಡೆದ ಸಣ್ಣ ಘಟಕವಾಗಿದ್ದರೆ ಕಾಯ್ದೆಯು ಅದರ ಪಕ್ಷದಲ್ಲಿ ನಿಲ್ಲುತ್ತದೆ ಎಂಬುದು ಇಲ್ಲಿನ ವಿನೋದ. ಉಳಿಯುವುದು 1872ರ ಭಾರತೀಯ ಕರಾರು ಕಾಯ್ದೆ. ಅದರ 74ನೆಯ ಕಲಮಿನ ಪ್ರಕಾರ ಕರಾರಿನಲ್ಲಿ ದಂಡದ ಮೊತ್ತ ನಮೂದಾಗಿದ್ದರೂ ನೊಂದವನಿಗೆ ಸಲ್ಲುವುದು ಆ ಮೊತ್ತವನ್ನು ಮೀರದ ಯುಕ್ತ ಪರಿಹಾರ ಮಾತ್ರ. ಮುಂಗಡ ಪಡೆದ ಹಣವನ್ನೆಲ್ಲ ನುಂಗಿಹಾಕುವ ನಿಬಂಧನೆಯ ವಿರುದ್ಧ ಈ ಕಲಮನ್ನು ಆಧರಿಸಿ ವಾದಿಸಲು ಅವಕಾಶವುಂಟು. ಆದರೆ ಹತ್ತು ಸಾವಿರ ರೂಪಾಯಿಗಾಗಿ ದಿವಾಣಿ ದಾವೆ ಹೂಡಿ, ಅದೂ ನಿಬಂಧನೆಗಳಲ್ಲಿ ಬರೆದಿರುವ ದೂರದ ಊರಿನ ನ್ಯಾಯಾಲಯಕ್ಕೆ ಓಡಾಡಿ ಗೆದ್ದವನು, ಲೆಕ್ಕದ ಪುಸ್ತಕ ತೆರೆದಾಗ ಸೋತವನೇ ಆಗಿರುತ್ತಾನೆ.

ಹೀಗಿರುವಾಗ ಮರುಪಾವತಿಯಲ್ಲಿ ನ್ಯಾಯವಾದದ್ದು ಯಾವುದು? ಒಂದು ಲೆಕ್ಕವನ್ನು ಊಹಿಸಿಕೊಳ್ಳಬಹುದು. ತಿಂಗಳಿಗೆ 300 ರೂಪಾಯಿಯಂತೆ 36 ತಿಂಗಳಿಗೆ 10,800 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 1,944 ರೂಪಾಯಿ, ಒಟ್ಟು 12,744 ರೂಪಾಯಿಯನ್ನು ಸಂಸ್ಥೆಯೊಂದು ಪಾವತಿಸಿತು. ಐದು ತಿಂಗಳ ನಂತರ ರದ್ದು ಮಾಡಬಯಸಿತು. ಬಳಸಿದ ದಿನಗಳಿಗೆ ತಕ್ಕಂತೆ ಲೆಕ್ಕ ಹಾಕಿದರೆ ಉಳಿದ 31 ತಿಂಗಳ 9,300 ರೂಪಾಯಿ ಮತ್ತು ತೆರಿಗೆ ಸೇರಿ 10,974 ರೂಪಾಯಿ ಬರಬೇಕು. ಹೋಸ್ಟಿಂಗ್ ಸಂಸ್ಥೆ ಬೇರೆಯೇ ಲೆಕ್ಕ ಹೇಳುತ್ತದೆ: 300 ರೂಪಾಯಿ ದರ ಮೂರು ವರ್ಷ ಇರುವವರಿಗೆ; ಐದು ತಿಂಗಳಿಗೇ ಹೋಗುವವರಿಗೆ ಮಾಸಿಕ ದರ 600ರಂತೆ 3,000 ರೂಪಾಯಿ ಕಡಿತ; ಜೊತೆಗೆ ‘ಉಚಿತ’ವಾಗಿ ಕೊಟ್ಟ ಡೊಮೈನ್ ಹೆಸರಿಗೆ 1,000 ರೂಪಾಯಿ ಕಡಿತ. ಉಳಿದದ್ದು 6,800 ರೂಪಾಯಿ, ತೆರಿಗೆ ಸೇರಿ 8,024. ಎರಡರ ನಡುವೆ 2,950 ರೂಪಾಯಿ ವ್ಯತ್ಯಾಸ.

ವರ್ತಕನು ತನ್ನ ಮನೋಧರ್ಮಕ್ಕೆ ವಿರುದ್ಧವಾಗಿ ಇಲ್ಲಿ ಎದುರು ಪಕ್ಷದ ಮಾತನ್ನೂ ಒಪ್ಪಬೇಕಾಗುತ್ತದೆ. ಸಗಟು ದರದಲ್ಲಿ ನೂರು ಚೀಲ ಬೇಕೆಂದು ದರ ಇಳಿಸಿಕೊಂಡು, ಹದಿನೈದು ಚೀಲ ಎತ್ತಿದ ಮೇಲೆ ಸಾಕೆಂದರೆ ಯಾವ ಮಂಡಿ ಮಾಲೀಕನೂ ಸಗಟು ದರವನ್ನು ಉಳಿಸಿಕೊಡುವುದಿಲ್ಲ. ಡೊಮೈನ್ ನೋಂದಣಿಗೆ ಹೋಸ್ಟಿಂಗ್ ಸಂಸ್ಥೆಯು ಇಡೀ ವರ್ಷದ ಹಣವನ್ನು ಮೇಲಿನ ನೋಂದಣಿ ಸಂಸ್ಥೆಗೆ ಕಟ್ಟಿರುತ್ತದೆ. ಅದು ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಮನಸ್ಸು ಬದಲಾಯಿಸಿ ಹೊರಡುವವನ ಮಟ್ಟಿಗೆ ಎರಡನೆಯ ಲೆಕ್ಕವೇ ನ್ಯಾಯವಾದದ್ದು. ಆದರೆ ಸರ್ವರ್ ಮೇಲಿಂದ ಮೇಲೆ ನಿಂತು ಹೋಗಿ, ದೂರು ಕೊಟ್ಟರೂ ಸರಿಯಾಗದೆ ಹೊರಡುವವನ ಪ್ರಶ್ನೆ ಬೇರೆ. ಕೊಳೆತ ಮಾಲು ಕಳಿಸಿದ ಮಂಡಿಯವನು ಸಗಟು ಚಿಲ್ಲರೆಯ ಮಾತೆತ್ತುವಂತಿಲ್ಲ. ಈ ಎರಡು ಸಂದರ್ಭಗಳನ್ನು ಬೇರ್ಪಡಿಸದೆ, ‘30 ದಿನಗಳ ನಂತರ ಯಾವುದೇ ಕಾರಣಕ್ಕೂ ಮರುಪಾವತಿ ಇಲ್ಲ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದೇ ಈ ವ್ಯವಹಾರದಲ್ಲಿನ ಮೂಲ ಅನ್ಯಾಯ. ಬಾಡಿಗೆ ಮಳಿಗೆಯ ಸೋರುವ ಸೂರಿನಿಂದಾಗಿ ಜಾಗ ಬಿಟ್ಟವನ ಮುಂಗಡದಲ್ಲಿ ಬಣ್ಣದ ಖರ್ಚನ್ನೂ ಹಿಡಿದುಕೊಂಡಂತೆ ಇದು.

ತೆರಿಗೆಯ ಭಾಗಕ್ಕೆ ಪ್ರತ್ಯೇಕ ಗಮನ ಅಗತ್ಯ. ಬಿಲ್ಲು ಕೊಟ್ಟ ಮೇಲೆ ಹಣ ಹಿಂದಿರುಗಿಸುವ ಹೋಸ್ಟಿಂಗ್ ಸಂಸ್ಥೆಯು ಜಿಎಸ್‌ಟಿ ಕಾಯ್ದೆಯ 34ನೆಯ ಕಲಮಿನಂತೆ ಕ್ರೆಡಿಟ್ ನೋಟ್ ನೀಡಬೇಕು, ವರ್ತಕನು ತಾನು ಪಡೆದಿದ್ದ ಹೂಡುವಳಿ ತೆರಿಗೆ ಜಮೆಯನ್ನು ಅಷ್ಟರ ಮಟ್ಟಿಗೆ ಹಿಂತಿರುಗಿಸಬೇಕು. ಕ್ರೆಡಿಟ್ ನೋಟಿನ ಮೂಲಕ ತೆರಿಗೆ ತಗ್ಗಿಸಿಕೊಳ್ಳಲು ಇರುವ ಗಡುವು ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. ಮೂರು ವರ್ಷದ ಹಣವನ್ನು ಒಂದೇ ಬಿಲ್ಲಿನಲ್ಲಿ ಕಟ್ಟಿ, ಮೂರನೆಯ ವರ್ಷದಲ್ಲಿ ರದ್ದು ಮಾಡಿದರೆ, ಬಿಲ್ಲಾದ ವರ್ಷವನ್ನೇ ಲೆಕ್ಕಕ್ಕೆ ಹಿಡಿಯುವ ಹೋಸ್ಟಿಂಗ್ ಸಂಸ್ಥೆ ತೆರಿಗೆಯ ಭಾಗವನ್ನು ಕೊಡಲು ಹಿಂದೆಗೆಯಬಹುದು. ಜಮೆ ಪಡೆದ ವರ್ತಕನಿಗೆ ಇದರಿಂದ ನಷ್ಟವಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗೆ ಜಮೆಯ ಸೌಲಭ್ಯವೇ ಇಲ್ಲದ್ದರಿಂದ ಆ ಹಣ ಹೋದಂತೆಯೇ. ದೀರ್ಘಾವಧಿಯ ರಿಯಾಯಿತಿಯನ್ನು ತೂಗಿ ನೋಡುವಾಗ ಈ ಅಂಶವನ್ನೂ ತಕ್ಕಡಿಗೆ ಹಾಕಬೇಕು. ವಿದೇಶಿ ಹೋಸ್ಟಿಂಗ್ ಸಂಸ್ಥೆಯಾದರೆ ನೋಂದಾಯಿತ ವರ್ತಕನೇ ರಿವರ್ಸ್ ಚಾರ್ಜ್ ಪ್ರಕಾರ ತೆರಿಗೆ ಕಟ್ಟಿರಬೇಕಾಗುತ್ತದೆ. ಮರುಪಾವತಿ ಬಂದಾಗ ಅದರ ಹೊಂದಾಣಿಕೆಯನ್ನು ಲೆಕ್ಕ ಪರಿಶೋಧಕರೊಂದಿಗೆ ಮಾತನಾಡಿಯೇ ಮಾಡಿಕೊಳ್ಳುವುದು ಲೇಸು.

ಹಣದ ಮಾತು ಇಷ್ಟಾಯಿತು. ಆದರೆ ರದ್ದತಿಯಲ್ಲಿ ವರ್ತಕನು ಕಳೆದುಕೊಳ್ಳುವುದು ಬಹುತೇಕ ಹಣವನ್ನಲ್ಲ. ಹೋಸ್ಟಿಂಗ್ ಎಂಬುದು ಮಳಿಗೆ. ಡೊಮೈನ್ ಹೆಸರು ಮಳಿಗೆಯ ಮೇಲಿನ ನಾಮಫಲಕ. ಆ ಹೆಸರಿನ ಇ-ಮೇಲ್ ಬಾಗಿಲಿನ ಅಂಚೆ ಪೆಟ್ಟಿಗೆ. ಮೂರೂ ಒಂದೇ ಕಡೆ ಸಿಗುತ್ತವೆಂದು ಮೂರನ್ನೂ ಒಬ್ಬರ ಬಳಿಯೇ ಕೊಂಡವನು, ಸಿಟ್ಟಿನಲ್ಲಿ ಖಾತೆ ರದ್ದು ಮಾಡಿದ ದಿನ ಅಂಚೆ ಪೆಟ್ಟಿಗೆಯನ್ನೂ ಕಳಚಿಕೊಂಡಿರುತ್ತಾನೆ. ಜಿಎಸ್‌ಟಿ ನೋಂದಣಿ, ಉದ್ಯಮ್ ನೋಂದಣಿ, ರಫ್ತುದಾರರ ಐಇಸಿ ಸಂಖ್ಯೆ, ಬ್ಯಾಂಕ್ ಖಾತೆ ಇವೆಲ್ಲಕ್ಕೂ ಕೊಟ್ಟಿರುವುದು ಅದೇ ಇ-ಮೇಲ್ ವಿಳಾಸವಾಗಿದ್ದರೆ ಇಲಾಖೆಯ ನೋಟಿಸು, ಒಟಿಪಿ, ವಿದೇಶಿ ಖರೀದಿದಾರನ ವಿಚಾರಣೆ ಯಾವುದೂ ತಲುಪುವುದಿಲ್ಲ. ರಿಟರ್ನ್ ಸಲ್ಲಿಸುವ ಕಡೆಯ ದಿನ ಹೀಗಾದರೆ ವಿಳಂಬ ಶುಲ್ಕವನ್ನೂ ಕಟ್ಟಬೇಕಾಗಿ ಬರಬಹುದು.

ಜಿಲ್ಲಾ ಮತ್ತು ತಾಲೂಕು ಕೇಂದ್ರಗಳಲ್ಲಿ ಇನ್ನೊಂದು ತೊಡಕು ಸಾಮಾನ್ಯ. ಜಾಲತಾಣ ಮಾಡಿಕೊಟ್ಟ ಸ್ಥಳೀಯ ವಿನ್ಯಾಸಗಾರನೇ ಹೋಸ್ಟಿಂಗ್ ಮತ್ತು ಡೊಮೈನ್ ಎರಡನ್ನೂ ತನ್ನ ಖಾತೆಯಲ್ಲಿ, ತನ್ನ ಇ-ಮೇಲ್ ವಿಳಾಸದಲ್ಲಿ ಕೊಂಡಿರುತ್ತಾನೆ. ಇದರಲ್ಲಿ ಮೋಸದ ಉದ್ದೇಶ ಇರಬೇಕೆಂದೇನೂ ಇಲ್ಲ. ಹತ್ತು ಗಿರಾಕಿಗಳ ಕೆಲಸ ಒಂದೇ ಖಾತೆಯಲ್ಲಿದ್ದರೆ ಅವನಿಗೆ ಸಲೀಸು. ಆದರೆ ದಾಖಲೆಯ ಪ್ರಕಾರ ಹೆಸರಿನ ಒಡೆಯ ಅವನು. ಮರುಪಾವತಿ ಬಂದರೂ ಅವನ ಕಾರ್ಡಿಗೆ ಬರುತ್ತದೆ. ಅವನು ಊರು ಬಿಟ್ಟರೆ, ದೂರವಾಣಿ ಸಂಖ್ಯೆ ಬದಲಾಯಿಸಿದರೆ, ತಂದೆಯ ಕಾಲದಿಂದ ಬಂದ ಅಂಗಡಿಯ ಹೆಸರು ಅಂತರಜಾಲದಲ್ಲಿ ಅಂಗಡಿಯವರದಾಗಿ ಉಳಿಯುವುದಿಲ್ಲ. ಲೆಟರ್‌ಹೆಡ್, ಬಿಲ್ ಪುಸ್ತಕ, ಡಬ್ಬಿಯ ಮೇಲಿನ ಮುದ್ರಣ ಎಲ್ಲದರಲ್ಲೂ ಇರುವ ವಿಳಾಸ ಬೇರೊಬ್ಬರ ಕೈಯಲ್ಲಿರುತ್ತದೆ. ಈ ಒಂದು ಸಂಗತಿಯನ್ನು ಇಂದೇ ಪರಿಶೀಲಿಸಿಕೊಳ್ಳಬೇಕಾದವರು ಬಹಳ ಮಂದಿ ಇರಬಹುದು.

ಡೊಮೈನ್ ತನ್ನ ಹೆಸರಿನಲ್ಲೇ ಇರುವ ವರ್ತಕನ ಸ್ಥಿತಿ ಇಷ್ಟು ದುರ್ಬಲವಲ್ಲ. ಡಾಟ್ ಕಾಂ ಮುಂತಾದ ಹೆಸರುಗಳಿಗೆ ಅನ್ವಯಿಸುವ ಐಕಾನ್ ಸಂಸ್ಥೆಯ ವರ್ಗಾವಣೆ ನೀತಿಯಂತೆ, ಒಡೆಯನು ಕೇಳಿದರೆ ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತವನ್ನು ಐದು ದಿನಗಳೊಳಗೆ ಕೊಡಬೇಕು. ಹಣದ ತಕರಾರು ಇದೆಯೆಂಬ ಒಂದೇ ಕಾರಣಕ್ಕೆ ಸಂಕೇತವನ್ನು ತಡೆಹಿಡಿಯುವಂತಿಲ್ಲ. ಡಾಟ್ ಇನ್ ಹೆಸರುಗಳ ಆಡಳಿತ 2003ರಲ್ಲಿ ಸ್ಥಾಪನೆಯಾದ ನಿಕ್ಸಿ ಸಂಸ್ಥೆಯ ಕೈಯಲ್ಲಿದೆ, ಅಲ್ಲಿ ಅದರದೇ ನಿಯಮಗಳು. ಹೊಸದಾಗಿ ನೋಂದಣಿಯಾದ ಹೆಸರಿಗೆ ಮೊದಲ ಕೆಲವು ವಾರ ವರ್ಗಾವಣೆಯ ಬೀಗ ಇರುವುದುಂಟು. ಆ ಅವಧಿಯಲ್ಲಿ ಹೋಸ್ಟಿಂಗನ್ನಷ್ಟೇ ಬದಲಾಯಿಸಿ ಹೆಸರನ್ನು ಇದ್ದಲ್ಲೇ ಬಿಡಬಹುದು. ಎರಡನ್ನೂ ಒಟ್ಟಿಗೆ ಸಾಗಿಸಲೇಬೇಕೆಂದಿಲ್ಲ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ.

ಆದ್ದರಿಂದ ಹೊರಡುವ ಕ್ರಮ ಮುಖ್ಯ. ಮನೆ ಬದಲಾಯಿಸುವವರು ಹೊಸ ಮನೆಯಲ್ಲಿ ಹಾಲುಕ್ಕಿಸಿದ ಮೇಲೆಯೇ ಹಳೆಯ ಮನೆಯ ಬೀಗದ ಕೈ ಒಪ್ಪಿಸುತ್ತಾರೆ. ಮೊದಲು ಜಾಲತಾಣದ ಕಡತಗಳು, ದತ್ತಸಂಚಯ, ಎಲ್ಲ ಇ-ಮೇಲ್‌ಗಳು ಇವುಗಳ ಪ್ರತಿಯನ್ನು ಸ್ವಂತ ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು. ಹೊಸ ಕಡೆ ಜಾಲತಾಣವನ್ನೂ ಇ-ಮೇಲ್ ಪೆಟ್ಟಿಗೆಗಳನ್ನೂ ಸಿದ್ಧಪಡಿಸಿ, ಡೊಮೈನಿನ ದಿಕ್ಕನ್ನು ಅತ್ತ ತಿರುಗಿಸಿ, ಎರಡು ಮೂರು ದಿನ ಕಾದು, ಅಂಚೆ ಸರಿಯಾಗಿ ಬರುತ್ತಿದೆಯೆಂದು ಖಚಿತವಾದ ಮೇಲೆ ರದ್ದತಿಯ ಪತ್ರ. ಅದು ಬರವಣಿಗೆಯಲ್ಲಿಯೇ ಇರಬೇಕು. ದೂರಿನ ಸಂಖ್ಯೆ, ದಿನಾಂಕ, ಕೇಳುವ ಮೊತ್ತ ಮತ್ತು ಲೆಕ್ಕದ ವಿವರ ಅದರಲ್ಲಿರಬೇಕು. ಕರೆ ಮಾಡಿ ಆಡಿದ ಮಾತಿಗೆ ಈ ವ್ಯವಹಾರದಲ್ಲಿ ಬೆಲೆಯಿಲ್ಲ. ಸ್ವಯಂ ನವೀಕರಣವನ್ನು ಖಾತೆಯಲ್ಲಿ ನಿಲ್ಲಿಸುವುದರ ಜೊತೆಗೆ ಬ್ಯಾಂಕಿನ ಕಡೆಯಿಂದಲೂ ನಿಲ್ಲಿಸಬೇಕು. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ವ್ಯವಸ್ಥೆ 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಯಾದ ನಂತರ, ಕಾರ್ಡಿನಿಂದ ಆವರ್ತಕ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು, ಅದರಲ್ಲಿ ಬೇಡವೆನ್ನುವ ಅವಕಾಶವಿರಬೇಕು. ಹೆಚ್ಚುವರಿ ದೃಢೀಕರಣವಿಲ್ಲದೆ ಕಡಿತವಾಗುವ ಮಿತಿಯನ್ನು 2022ರ ಜೂನ್‌ನಲ್ಲಿ 15,000 ರೂಪಾಯಿಗೆ ಏರಿಸಲಾಯಿತು. ಸಣ್ಣ ಸಂಸ್ಥೆಯ ಹೋಸ್ಟಿಂಗ್ ಶುಲ್ಕ ಸಾಮಾನ್ಯವಾಗಿ ಈ ಮಿತಿಯ ಒಳಗೇ ಬರುವುದರಿಂದ ಆ ಒಂದು ಎಸ್‌ಎಂಎಸ್ ಓದದಿದ್ದರೆ ಹಣ ಹೋದದ್ದೇ ತಿಳಿಯುವುದಿಲ್ಲ. ಕಾರ್ಡು ಕೊಟ್ಟ ಬ್ಯಾಂಕಿನಲ್ಲಿ ತಕರಾರು ದಾಖಲಿಸಿ ಹಣ ಹಿಂಪಡೆಯುವ ದಾರಿಯೂ ಇದೆ. ಅದನ್ನು ಕಡೆಯ ಅಸ್ತ್ರವಾಗಿ ಇಟ್ಟುಕೊಳ್ಳಬೇಕು. ಬ್ಯಾಂಕಿನಿಂದ ತಕರಾರು ಬಂದೊಡನೆ ಹೋಸ್ಟಿಂಗ್ ಸಂಸ್ಥೆಯು ಇಡೀ ಖಾತೆಗೆ ಬೀಗ ಹಾಕಬಹುದು. ಒಳಗೆ ಇನ್ನೂ ಕಡತಗಳೋ ಡೊಮೈನೋ ಉಳಿದಿದ್ದರೆ ಅವೂ ಸಿಕ್ಕಿಹಾಕಿಕೊಳ್ಳುತ್ತವೆ.

ಇವೆಲ್ಲ ಒಬ್ಬೊಬ್ಬ ವರ್ತಕನು ತನ್ನಷ್ಟಕ್ಕೆ ತೆಗೆದುಕೊಳ್ಳಬಹುದಾದ ಎಚ್ಚರಗಳು. ಒಬ್ಬನಿಂದ ಆಗದ ಕೆಲಸವೊಂದಿದೆ, ಅದು ವಾಣಿಜ್ಯ ಸಂಸ್ಥೆಗಳ ಪಾಲಿನದು. ಒಬ್ಬ ಗಿರಾಕಿಯ ಹತ್ತು ಸಾವಿರಕ್ಕೆ ಯಾವ ಹೋಸ್ಟಿಂಗ್ ಸಂಸ್ಥೆಯೂ ತನ್ನ ನಿಬಂಧನೆ ಬದಲಿಸುವುದಿಲ್ಲ. ಒಂದು ಜಿಲ್ಲೆಯ ಕೆಲವು ನೂರು ಸದಸ್ಯರ ಪರವಾಗಿ ದರ ಮಾತನಾಡಲು ಬಂದ ವಾಣಿಜ್ಯ ಮಂಡಳಿಯ ಮಾತನ್ನು ಕೇಳಿಸಿಕೊಳ್ಳದೆ ಇರಲಾರದು. ಗುಂಪು ವಿಮೆಗೆ, ಮೇಳದ ಮಳಿಗೆಗಳಿಗೆ ಸದಸ್ಯರ ಪರವಾಗಿ ಚೌಕಾಸಿ ನಡೆಸಬಲ್ಲ ಮಂಡಳಿಗಳಿಗೆ ಇದು ಅಸಾಧ್ಯವಾದದ್ದೇನಲ್ಲ. ಹಾಗೆಯೇ, 2019ರ ಕಾಯ್ದೆಯ ವಿವರಣೆಯಲ್ಲಿ ಕೈಬಿಟ್ಟಿರುವ ‘ಸೇವೆ’ ಎಂಬ ಪದವನ್ನು ಮತ್ತೆ ಸೇರಿಸುವಂತೆ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವಾಲಯಕ್ಕೆ ಮನವಿ ಸಲ್ಲಿಸುವುದು ಮಂಡಳಿಗಳ ಕಾರ್ಯಸೂಚಿಯಲ್ಲಿ ಸೇರಬೇಕಾದ ವಿಷಯ. ಇದು ಹೋಸ್ಟಿಂಗ್‌ಗೆ ಮಾತ್ರ ಸಂಬಂಧಿಸಿದ್ದಲ್ಲ. ಬಿಲ್ಲಿಂಗ್ ತಂತ್ರಾಂಶದ ವಾರ್ಷಿಕ ಚಂದಾದಿಂದ ಹಿಡಿದು ಸಿಸಿಟಿವಿ ನಿರ್ವಹಣೆಯವರೆಗೆ ಸಣ್ಣ ಅಂಗಡಿಯವನು ಕೊಳ್ಳುವ ಪ್ರತಿಯೊಂದು ಸೇವೆಗೂ ಅನ್ವಯಿಸುತ್ತದೆ.

ಅದಾಗುವವರೆಗೆ, ನವೀಕರಣದ ಸೂಚನೆ ಬಂದಾಗ ಹಣ ಕಟ್ಟುವ ಮೊದಲು ಹೋಸ್ಟಿಂಗ್ ಸಂಸ್ಥೆಗೆ ಅಥವಾ ವಿನ್ಯಾಸಗಾರನಿಗೆ ನಾಲ್ಕು ಸಾಲಿನ ಪತ್ರ ಬರೆದು ಒಪ್ಪಿಗೆ ಪಡೆಯಬಹುದು: ಡೊಮೈನ್ ಹೆಸರು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಮಾಲೀಕರ ಸ್ವಂತ ಇ-ಮೇಲ್ ವಿಳಾಸದಲ್ಲಿ ನೋಂದಣಿಯಾಗಿರತಕ್ಕದ್ದು, ಸೇವಾದೋಷದ ಕಾರಣದಿಂದ ರದ್ದು ಮಾಡಿದಲ್ಲಿ ಬಳಸದ ತಿಂಗಳುಗಳ ಹಣವನ್ನು ಪಾವತಿಸಿದ ದರದಲ್ಲಿಯೇ ತೆರಿಗೆ ಸಹಿತ 15 ದಿನಗಳೊಳಗೆ ಹಿಂದಿರುಗಿಸಿ ಕ್ರೆಡಿಟ್ ನೋಟ್ ನೀಡತಕ್ಕದ್ದು, ಬೇರೆ ಕಾರಣದಿಂದ ರದ್ದು ಮಾಡಿದಲ್ಲಿ ಬಳಸಿದ ತಿಂಗಳುಗಳಿಗೆ ಹಿಡಿಯುವ ದರವನ್ನು ಈಗಲೇ ನಮೂದಿಸತಕ್ಕದ್ದು, ರದ್ದತಿಯ ನಂತರವೂ 30 ದಿನ ಕಡತಗಳನ್ನೂ ಇ-ಮೇಲ್‌ಗಳನ್ನೂ ಅಳಿಸದೆ ಉಳಿಸತಕ್ಕದ್ದು. ಈ ಪತ್ರಕ್ಕೆ ಉತ್ತರವೇ ಬಾರದಿದ್ದರೆ, ಮೂರು ವರ್ಷದ ರಿಯಾಯಿತಿಯನ್ನು ಬಿಟ್ಟು ಒಂದು ವರ್ಷಕ್ಕೆ ಮಾತ್ರ ಹಣ ಕಟ್ಟುವುದು.